ಹುಟ್ಟಿದ ನೆಲದಲ್ಲೇ ಪೌರತ್ವಕ್ಕೆ ಅರ್ಜಿ

ನೀವೀಗ ನೋಡ್ತಿರೋದು ಪರ್ತ್ ನಗರದ ನಡುಭಾಗ, ವೆಸ್ಟರ್ನ್ ಆಸ್ಟ್ರೇಲಿಯಾದ ರಾಜಧಾನಿ. ಈ ನೆಲ ನ್ಯೂಂಗಾರ್ ಅನ್ನೋ ಮೂಲನಿವಾಸಿ ಜನರದ್ದು. ಆದರೆ 1927ರಿಂದ 1954ರವರೆಗೆ ಇದೇ ಬೀದಿಗಳು ಅಬೊರಿಜಿನಲ್, ಅಂದರೆ ಮೂಲನಿವಾಸಿ, ಜನರಿಗೆ ನಿಷೇಧಿತ ಪ್ರದೇಶ. ಇಲ್ಲಿ ಕೆಲಸದಲ್ಲಿದ್ದವರು ಬರಬಹುದಿತ್ತು, ಮಿಕ್ಕವರಿಗೆ ಪಾಸ್ ಬೇಕಿತ್ತು.

ಇಂಥ ಕಟ್ಟುಪಾಡುಗಳಿಂದ ಹೊರಗೆ ಬರೋಕೆ ಸರ್ಕಾರ ಒಂದು ಬಾಗಿಲು ಇಟ್ಟಿತ್ತು, 1944ರ ನೇಟಿವ್ಸ್ ಸಿಟಿಜನ್‌ಶಿಪ್ ರೈಟ್ಸ್ ಕಾಯ್ದೆ. ‘ನೇಟಿವ್’ ಅಂದರೆ ಕಾನೂನು ಅಬೊರಿಜಿನಲ್ ಜನರನ್ನು ಕರೀತಿದ್ದ ಹೆಸರು, ಅವರು ಅರ್ಜಿ ಹಾಕಿ ಪೌರತ್ವದ ಹಕ್ಕು ಪಡೀಬೇಕಿತ್ತು. ಮೂಲನಿವಾಸಿಗಳನ್ನು ಬಿಳಿಯರ ಸಮಾಜದಲ್ಲಿ ಕರಗಿಸಿಬಿಡಬೇಕು ಅನ್ನೋ ಅಸಿಮಿಲೇಶನ್ ನೀತಿ ದಿನದಿನದ ಬದುಕಲ್ಲಿ ಹೇಗೆ ಕೆಲಸ ಮಾಡ್ತಿತ್ತು ಅಂತ ತಿಳೀಬೇಕಾದರೆ ಈ ಕಾಯ್ದೆಯ ಷರತ್ತುಗಳನ್ನು ಒಂದೊಂದಾಗಿ ಓದಬೇಕು.

ಅರ್ಜಿ ಹೋಗ್ತಿದ್ದದ್ದು ಮ್ಯಾಜಿಸ್ಟ್ರೇಟ್ ಹತ್ತಿರ. ಜೊತೆಗೆ ಒಂದು ಪ್ರಮಾಣಪೂರ್ವಕ ಹೇಳಿಕೆ. ಕಳೆದ 2 ವರ್ಷಗಳಿಂದ ಬುಡಕಟ್ಟಿನ ಜೊತೆ, ಬೇರೆ ನೇಟಿವ್ ಜನರ ಜೊತೆ ಒಡನಾಟ ಕಡಿದುಕೊಂಡಿದ್ದೇನೆ ಅಂತ ಬರೆದುಕೊಡಬೇಕು. ವಿನಾಯ್ತಿ ಇದ್ದದ್ದು ಸ್ವಂತ ಮಕ್ಕಳು ಮೊಮ್ಮಕ್ಕಳು ಮತ್ತು ಅತಿ ಹತ್ತಿರದ ರಕ್ತಸಂಬಂಧಿಗಳಿಗೆ ಮಾತ್ರ. ಇಬ್ಬರು ಗಣ್ಯ ನಾಗರಿಕರು ‘ಇವರು ಒಳ್ಳೆ ನಡತೆಯವರು, ದುಡಿದು ತಿನ್ನುವವರು’ ಅಂತ ಪತ್ರ ಕೊಡಬೇಕು. ಆಮೇಲೆ ಪರೀಕ್ಷೆ. ಇಂಗ್ಲಿಷ್ ಬರುತ್ತಾ? ಕುಷ್ಠ, ಸಿಫಿಲಿಸ್, ಯಾಸ್‌ನಂಥ ಕಾಯಿಲೆ ಇಲ್ಲ ತಾನೇ? ತನ್ನ ವ್ಯವಹಾರ ತಾನೇ ನೋಡಿಕೊಳ್ತಾರಾ? ‘ನಾಗರಿಕ ರೀತಿ’ಯಲ್ಲಿ ಬದುಕ್ತಿದ್ದಾರಾ? ಯುದ್ಧಕ್ಕೆ ಹೋಗಿಬಂದ ಸೈನಿಕರೂ ಅರ್ಜಿ ಹಾಕಲೇಬೇಕಿತ್ತು. ಸೇನೆಯಿಂದ ಗೌರವವಾಗಿ ಬಿಡುಗಡೆ ಆದ ದಾಖಲೆ ಅವರ ಯೋಗ್ಯತೆಗೆ ಒಂದು ಪುರಾವೆ ಆಗ್ತಿತ್ತು, ಅಷ್ಟೇ.

ಇಷ್ಟೆಲ್ಲ ದಾಟಿದವರಿಗೆ ಪಾಸ್‌ಪೋರ್ಟ್ ಥರದ, ಫೋಟೋ ಅಂಟಿಸಿದ ಪ್ರಮಾಣಪತ್ರ ಸಿಗ್ತಿತ್ತು. ಅದು ಕೈಗೆ ಬಂದಮೇಲೆ ಕಾನೂನಿನ ಕಣ್ಣಲ್ಲಿ ಅವರು ‘ನೇಟಿವ್’ ಅಲ್ಲ. ಇಂಥ ಪತ್ರಗಳಿಗೆ ಜನ ಇಟ್ಟ ಹೆಸರು ‘ಡಾಗ್ ಟ್ಯಾಗ್’. ನಾಯಿ ಕೊರಳಿನ ಬಿಲ್ಲೆ. 1949ರಲ್ಲಿ ದೇಶದ ಪೌರತ್ವ ಕಾಯ್ದೆ ಜಾರಿಗೆ ಬಂದಾಗ ಅಬೊರಿಜಿನಲ್ ಜನರೂ ಆಸ್ಟ್ರೇಲಿಯಾದ ಪೌರರೇ ಆಗಿದ್ದರು. ಆದರೂ ಈ ರಾಜ್ಯದಲ್ಲಿ ಆ ಹಕ್ಕುಗಳನ್ನು ಬಳಸೋಕೆ ಅದೇ ಪತ್ರ ತೋರಿಸಬೇಕಿತ್ತು.

ಕೊಟ್ಟದ್ದನ್ನು ಕಿತ್ತುಕೊಳ್ಳೋದೂ ಸುಲಭ. ಎರಡು ಸಲ ಶಿಕ್ಷೆಯಾಗಿದೆ, ಇಲ್ಲವೇ ಹೇಳಿದ ಕಾಯಿಲೆಗಳಲ್ಲಿ ಒಂದು ಬಂದಿದೆ ಅಂತ ಯಾರಾದರೂ ದೂರು ಕೊಟ್ಟರೆ ಪತ್ರ ರದ್ದಾಗಬಹುದಿತ್ತು. ಕಾಯಿಲೆ ಬಂದರೆ ಪೌರತ್ವ ಹೋಗುತ್ತೆ ಅನ್ನೋ ನಿಯಮ ಯಾವ ಬಿಳಿಯರಿಗೂ ಇರಲಿಲ್ಲ.

ಎಲ್ಲಕ್ಕಿಂತ ಆಳವಾದ ಪೆಟ್ಟು ಬಿದ್ದದ್ದು ನೆಂಟಸ್ತಿಕೆಗೆ. ಅಬೊರಿಜಿನಲ್ ಕುಟುಂಬಗಳಲ್ಲಿ ತಾಯಿಯ ಅಕ್ಕತಂಗಿಯರೂ ತಾಯಂದಿರೇ, ಅವರ ಮಕ್ಕಳು ಒಡಹುಟ್ಟಿದವರೇ. ಇದ್ದದ್ದನ್ನು ಹಂಚಿಕೊಳ್ಳೋದು ಕರ್ತವ್ಯ. ಕಾಯ್ದೆ ಬೇಡ ಅಂದದ್ದು ನಿಖರವಾಗಿ ಇದನ್ನೇ. ದೊಡ್ಡಮ್ಮನ ಮಗ ಬಂದು ನಾಲ್ಕು ದಿನ ಉಳಿದರೂ ‘ಹಳೇ ಒಡನಾಟ’ ಅಂತ ಬರೆದುಕೊಳ್ಳಬಹುದು. ಪತ್ರ ಇಲ್ಲದವನಿಗೆ ಒಂದು ಗ್ಲಾಸ್ ಬಿಯರ್ ಕೊಟ್ಟರೆ ಅದು ಅಪರಾಧ.

ಪಕ್ಕದ ನಾರ್ದರ್ನ್ ಟೆರಿಟರಿಯಲ್ಲಿ ಇಂಥದ್ದೇ ಇನ್ನೊಂದು ಕಾನೂನಿಂದ ಆದ ಅನಾಹುತ ಇಡೀ ದೇಶಕ್ಕೇ ಗೊತ್ತಾಯ್ತು. ಅಲ್ಲಿನ 1953ರ ವೆಲ್ಫೇರ್ ಆರ್ಡಿನೆನ್ಸ್, ಮಂತ್ರಿ ಪಾಲ್ ಹ್ಯಾಸ್ಲಕ್ ಕಾಲದ್ದು, ಅಬೊರಿಜಿನಲ್ ಅನ್ನೋ ಪದವನ್ನೇ ಬಳಸದೆ ‘ವಾರ್ಡ್’ ಅಂದಿತು, ಸರ್ಕಾರದ ಪಾಲನೆಗೆ ಒಳಪಟ್ಟವರು ಅಂತ. ಮತದಾನದ ಹಕ್ಕಿದ್ದವರನ್ನು ವಾರ್ಡ್ ಮಾಡೋ ಹಾಗಿಲ್ಲ ಅಂತ ಒಂದು ಸಾಲು ಸೇರಿಸಿತು. ಮತ ಇಲ್ಲದಿದ್ದವರು ಯಾರು? ಅಲ್ಲಿಗೆ ಲೆಕ್ಕ ಸರಿಹೋಯ್ತು. 1957ರಲ್ಲಿ ಗೆಜೆಟ್‌ನಲ್ಲಿ ಬಂದ ಪಟ್ಟಿಯಲ್ಲಿ 15,000ಕ್ಕೂ ಹೆಚ್ಚು ಹೆಸರು. ಜಲವರ್ಣ ಚಿತ್ರಗಳಿಂದ ದೇಶದಲ್ಲೆಲ್ಲ ಹೆಸರಾಗಿದ್ದ ಆಲ್ಬರ್ಟ್ ನಮಟ್ಜಿರಾ ಮತ್ತು ಅವರ ಹೆಂಡತಿಯ ಹೆಸರು ಪಟ್ಟಿಯಲ್ಲಿರಲಿಲ್ಲ, ಆದರೆ ಅವರ ಬಂಧುಬಳಗವೆಲ್ಲ ವಾರ್ಡ್‌ಗಳು. 1958ರಲ್ಲಿ ವಾರ್ಡ್ ಆಗಿದ್ದ ತಮ್ಮವರೊಬ್ಬರಿಗೆ ಮದ್ಯ ಕೊಟ್ಟರು ಅಂತ ನಮಟ್ಜಿರಾಗೆ 6 ತಿಂಗಳ ಶಿಕ್ಷೆಯಾಯ್ತು. ಮೇಲ್ಮನವಿಯಲ್ಲಿ 3 ತಿಂಗಳಿಗೆ ಇಳೀತು. ಪಾಪುನ್ಯಾ ಅನ್ನೋ ಅಬೊರಿಜಿನಲ್ ವಸತಿಯಲ್ಲಿ ಸುಮಾರು 2 ತಿಂಗಳು ಶಿಕ್ಷೆ ಕಳೆದು ಹೊರಬಂದವರು 1959ರ ಆಗಸ್ಟ್‌ನಲ್ಲಿ ತೀರಿಕೊಂಡರು.

ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲೂ 1943ರಿಂದ, ಅಬೊರಿಜಿನಲ್ ಜನರ ಮೇಲಿನ ಕಟ್ಟುಪಾಡುಗಳಿಂದ ಬಿಡಿಸೋ ವಿನಾಯ್ತಿ ಪತ್ರ ಇತ್ತು. ಆ ಪತ್ರ ಕೊಡ್ತಿದ್ದ ಸರ್ಕಾರಿ ವೆಲ್ಫೇರ್ ಬೋರ್ಡೇ ಅಬೊರಿಜಿನಲ್ ಮಕ್ಕಳನ್ನು ಮನೆಯಿಂದ ತೆಗೆದು ಕೂಟಮುಂಡ್ರಾ ಬಾಲಕಿಯರ ಹೋಮ್‌ಗೆ, ಕಿಂಚೆಲಾ ಬಾಲಕರ ಹೋಮ್‌ಗೆ ಸೇರಿಸ್ತಿತ್ತು. ಕಿಂಚೆಲಾದಲ್ಲಿ ಹುಡುಗರನ್ನು ಹೆಸರಿನ ಬದಲು ನಂಬರ್‌ನಿಂದ ಕರೀತಿದ್ರು. ದೊಡ್ಡವರ ಕೈಲಿ ಬರೆಸಿಕೊಂಡದ್ದೂ ಸಂಬಂಧ ಬಿಟ್ಟೆ ಅಂತ, ಮಕ್ಕಳಿಗೆ ಮಾಡಿದ್ದೂ ಸಂಬಂಧ ಬಿಡಿಸೋ ಕೆಲಸವೇ. ಎರಡನ್ನೂ ಬೇರೆಬೇರೆಯಾಗಿ ನೋಡೋದು ತಪ್ಪು ಅಂತ ನನ್ನ ಖಚಿತ ಅಭಿಪ್ರಾಯ.

ಪತ್ರ ತಗೊಂಡವರು ತಮ್ಮವರನ್ನು ಬಿಟ್ಟುಹೋದರು ಅಂತ ಹೇಳೋರು ಇದ್ದಾರೆ. ಅದು ಅನ್ಯಾಯದ ಮಾತು. ದೇಶದ ಪಿಂಚಣಿ ಕಾನೂನಿಗೆ 1942ರಲ್ಲಿ ತಂದ ಬದಲಾವಣೆಯಲ್ಲಿ ವೃದ್ಧಾಪ್ಯ ಪಿಂಚಣಿಯ ದಾರಿ ತೆರೆದದ್ದೇ ಇಂಥ ವಿನಾಯ್ತಿ ಇದ್ದವರಿಗೆ. ಮಗುವನ್ನು ಊರ ಶಾಲೆಗೆ ಸೇರಿಸೋಕೆ, ಬಾಡಿಗೆ ಮನೆ ಹಿಡಿಯೋಕೆ, ಪೊಲೀಸ್ ತಡೆದಾಗ ಉತ್ತರ ಕೊಡೋಕೆ ಕೈಲಿ ಏನಾದರೂ ಬೇಕಿತ್ತು. ಬೇಡ ಅಂದವರಿಗೂ ಅಷ್ಟೇ ಬಲವಾದ ಕಾರಣಗಳಿದ್ದವು. 1967ರ ಜನಮತಗಣನೆಯಲ್ಲಿ ಶೇ. 90ಕ್ಕಿಂತ ಹೆಚ್ಚು ಜನ ಅಬೊರಿಜಿನಲ್ ಜನರ ಕುರಿತ ಸಂವಿಧಾನದ ತಿದ್ದುಪಡಿಗೆ ಹೌದು ಅಂದರು. ವೆಸ್ಟರ್ನ್ ಆಸ್ಟ್ರೇಲಿಯಾದ ಈ ಕಾಯ್ದೆ ರದ್ದಾಗೋಕೆ ಅಲ್ಲಿಂದ ಮುಂದೆ ಇನ್ನೂ 4 ವರ್ಷ ಬೇಕಾಯ್ತು, 1971ರವರೆಗೆ.