ಡ್ಯಾನ್‌ವಿಲ್‌ನ ಡಾಕ್ಟರ್ ಮೆಕ್‌ಡೊವೆಲ್: ಆ 25 ನಿಮಿಷದಲ್ಲಿ ಆಗಿದ್ದೇನು?

ನಮಸ್ಕಾರ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಡ್ಯಾನ್‌ವಿಲ್ ಅಂತ ಒಂದು ಸಣ್ಣ ಊರು. ಅಲ್ಲಿ ಒಬ್ಬ ಡಾಕ್ಟರ ಹಳೇ ಮನೆ, ಅದಕ್ಕೆ ಅಂಟಿಕೊಂಡೇ ಅವರ ಔಷಧಿ ಅಂಗಡಿ. ಎರಡೂ ಈಗ ಮ್ಯೂಸಿಯಂ. ಡಾಕ್ಟರ ಹೆಸರು ಎಫ್ರೈಮ್ ಮೆಕ್‌ಡೊವೆಲ್. 1809ರ ಡಿಸೆಂಬರ್‌ನಲ್ಲಿ ಇವರು ಒಬ್ಬ ಹೆಂಗಸಿನ ಹೊಟ್ಟೆ ಕೊಯ್ದು ಹತ್ತು ಕೆಜಿ ಅಂಡಾಶಯದ ಗಡ್ಡೆ ಹೊರಗೆ ತೆಗೆದರು. ಅರಿವಳಿಕೆ ಇರಲಿಲ್ಲ. ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಎಲ್ಲರೆದುರು ಆಪರೇಷನ್ ಮಾಡಿ ತೋರಿಸಿದ್ದು 1846ರಲ್ಲಿ. ಆದರೂ ಆಕೆ ಬದುಕಿದರು. ಈ ಕಥೆ ಹೇಳುವವರೆಲ್ಲ ಡಾಕ್ಟರ ಎದೆಗಾರಿಕೆಯನ್ನೇ ಹೊಗಳುತ್ತಾರೆ. ಎದೆಗಾರಿಕೆ ಇತ್ತು ಸರಿ, ಅದರಿಂದ ರಕ್ತ ನಿಲ್ಲುವುದಿಲ್ಲ. ನಿಲ್ಲಿಸಿದ್ದು ಕೆಲಸದ ಕ್ರಮ. ಇವತ್ತು ಅದನ್ನೇ ನೋಡೋಣ.

ಮೊದಲು ಮನೆತನ. ಎಫ್ರೈಮ್ ಹುಟ್ಟಿದ್ದು 1771ರಲ್ಲಿ, ವರ್ಜೀನಿಯಾದ ರಾಕ್‌ಬ್ರಿಡ್ಜ್ ಕೌಂಟಿಯಲ್ಲಿ. ತಂದೆ ಸ್ಯಾಮ್ಯುಯೆಲ್ ಮೆಕ್‌ಡೊವೆಲ್ ನ್ಯಾಯಾಧೀಶರು. 1784ರಲ್ಲಿ ಸಂಸಾರ ಸಮೇತ ಡ್ಯಾನ್‌ವಿಲ್‌ಗೆ ಬಂದರು. 1792ರಲ್ಲಿ ಕೆಂಟಕಿಗೆ ಸಂವಿಧಾನ ಬರೆದ ಸಭೆಗೆ ಅಧ್ಯಕ್ಷರಾಗಿದ್ದವರು ಇವರೇ. ಮಗ ವೈದ್ಯ ಕಲಿತದ್ದು ವರ್ಜೀನಿಯಾದ ಸ್ಟಾಂಟನ್‌ನಲ್ಲಿ, ಅಲೆಕ್ಸಾಂಡರ್ ಹಂಫ್ರೀಸ್ ಎಂಬ ವೈದ್ಯರ ಕೈಕೆಳಗೆ. ಆಗ ಕಲಿಯುವುದು ಅಂದರೆ ಗುರುಗಳ ಹತ್ತಿರ ಇದ್ದು ಔಷಧಿ ಅರೆಯುವುದು, ಪುಡಿ ತೂಗುವುದು, ಕೊಯ್ಯುವಾಗ ರೋಗಿಯನ್ನು ಹಿಡಿದುಕೊಳ್ಳುವುದು. ಆಮೇಲೆ 1793–94ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ. ಅಲ್ಲಿ ಜಾನ್ ಬೆಲ್ ಎಂಬ ಸರ್ಜನ್ನರ ಖಾಸಗಿ ಪಾಠಕ್ಕೆ ಸೇರಿದರು. ಡಿಗ್ರಿ ತೆಗೆದುಕೊಳ್ಳದೆ 1795ರಲ್ಲಿ ಊರಿಗೆ ಬಂದು ಪ್ರಾಕ್ಟೀಸ್ ಶುರು ಮಾಡಿದರು. ಆಗ ಅದೇನೂ ವಿಶೇಷವಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಗೌರವ ಎಂ.ಡಿ. ಕೊಟ್ಟಿದ್ದು 1825ರಲ್ಲಿ.

1802ರಲ್ಲಿ ಸಾರಾ ಶೆಲ್ಬಿಯವರ ಜೊತೆ ಮದುವೆ. ಮಾವ ಐಸಾಕ್ ಶೆಲ್ಬಿ ಕೆಂಟಕಿಯ ಮೊದಲ ಗವರ್ನರ್. ಅಪ್ಪ ಜಡ್ಜ್, ಮಾವ ಗವರ್ನರ್ ಅಂದ ಮೇಲೆ ದೂರದ ಊರುಗಳಿಂದ ಕರೆ ಬರುವುದಕ್ಕೆ ಅದೂ ಒಂದು ಕಾರಣ ಅಂತಲೇ ನನಗನ್ನಿಸುವುದು. ಇನ್ನೊಂದು ಮಾತು ಮುಚ್ಚಿಡುವ ಹಾಗಿಲ್ಲ: ಈ ಮನೆಯಲ್ಲಿ ಗುಲಾಮರಿದ್ದರು. ಆಸ್ಪತ್ರೆ ಇಲ್ಲದ ಊರಲ್ಲಿ ಡಾಕ್ಟರ ಮನೆಯೇ ಆಸ್ಪತ್ರೆ. ನೀರು, ಬೆಂಕಿ, ಬಟ್ಟೆ, ಗಂಜಿ, ಎಲ್ಲ ಆ ಮನೆಯಿಂದಲೇ ಬರಬೇಕಿತ್ತು.

ಅಂಗಡಿಯ ಕಪಾಟಿನಲ್ಲಿ ಆ ಕಾಲದ ಡಾಕ್ಟರು ಇಡುತ್ತಿದ್ದದ್ದು ಜ್ವರಕ್ಕೆ ಸಿಂಕೋನಾ ತೊಗಟೆ, ವಾಂತಿ ಮಾಡಿಸಲು ಇಪೆಕಾಕ್, ಭೇದಿ ಮಾಡಿಸಲು ಜಾಲಪ್, ನೋವಿಗೆ ಅಫೀಮು, ಮತ್ತೆ ಎಲ್ಲದಕ್ಕೂ ಕ್ಯಾಲೊಮೆಲ್. ಕ್ಯಾಲೊಮೆಲ್ ಅಂದರೆ ಪಾದರಸದ ಪುಡಿ. ಜಾಸ್ತಿಯಾದರೆ ಬಾಯಿ ಹುಣ್ಣಾಗಿ, ಜೊಲ್ಲು ಸುರಿದು, ಹಲ್ಲು ಅಲುಗಾಡುತ್ತಿತ್ತು. ಜೊಲ್ಲು ಬಂದರೆ ಮದ್ದು ಹತ್ತಿದೆ ಅಂತ ಸಂತೋಷಪಡುತ್ತಿದ್ದ ಕಾಲ ಅದು!

ಈಗ 1809. ಗ್ರೀನ್ ಕೌಂಟಿಯ ಜೇನ್ ಟಾಡ್ ಕ್ರಾಫರ್ಡ್, ವಯಸ್ಸು ನಲವತ್ತೈದರ ಆಸುಪಾಸು. ತಿಂಗಳುಗಟ್ಟಲೆ ಹೊಟ್ಟೆ ದಪ್ಪವಾಗಿದೆ, ಹೆರಿಗೆ ನೋವಿನಂಥ ನೋವು. ನೋಡಿದ ಇಬ್ಬರು ಡಾಕ್ಟರೂ ದಿನ ತುಂಬಿದ ಬಸುರಿ ಅಂದುಕೊಂಡು, ಹೆರಿಗೆ ಮಾಡಿಸಲು ಮೆಕ್‌ಡೊವೆಲ್ ಅವರನ್ನು ಕರೆಸಿದರು. ಇವರು ಗಮನಿಸಿದ್ದು ಎರಡು. ಉಬ್ಬು ಒಂದು ಪಕ್ಕಕ್ಕೆ ವಾಲಿತ್ತು, ಕೈಯಿಂದ ತಳ್ಳಿದರೆ ಸಲೀಸಾಗಿ ಆಚೆ ಪಕ್ಕಕ್ಕೆ ಸರಿಯುತ್ತಿತ್ತು. ಒಳಗೆ ಕೈಯಿಟ್ಟು ನೋಡಿದರೆ ಗರ್ಭಕೋಶ ಖಾಲಿ. ಹಾಗಾದರೆ ಅಂಡಾಶಯದ್ದೇ ಗಡ್ಡೆ. ಹೀಗೆ ಸರಿದಾಡುವುದು ಬಹಳ ಮುಖ್ಯ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಇಂಥದ್ದನ್ನು ಯಾರೂ ತೆಗೆದದ್ದು ಕೇಳಿಲ್ಲ, ಪ್ರಾಣಕ್ಕೆ ಅಪಾಯವಿದೆ ಅಂತ ಆಕೆಗೆ ನೇರವಾಗಿ ಹೇಳಿದರು. ಡ್ಯಾನ್‌ವಿಲ್‌ಗೆ ಬಂದರೆ ಮಾಡುತ್ತೇನೆ ಅಂದರು. ದಾರಿ 60 ಮೈಲಿ. ಆಕೆ ಆ ಚಳಿಯಲ್ಲಿ ಕುದುರೆ ಮೇಲೆ ಬಂದರು. ಜೀನಿನ ಕೊಂಬಿಗೆ ಗಡ್ಡೆ ತಾಗಿ ತಾಗಿ ಹೊಟ್ಟೆಯ ಗೋಡೆ ಕಂದಿಹೋಗಿತ್ತು.

ಆಪರೇಷನ್ ಕ್ರಿಸ್‌ಮಸ್ ದಿನ ಆಯಿತು ಅಂತ ಪ್ರತೀತಿ. ಸಹಾಯಕ್ಕೆ ಸಂಬಂಧಿಕರೇ: ಜೊತೆಗೆ ಪ್ರಾಕ್ಟೀಸ್ ಮಾಡುತ್ತಿದ್ದ ಅಣ್ಣತಮ್ಮಂದಿರ ಮಗ ಜೇಮ್ಸ್. ಸಾಮಾನ್ಯ ಎತ್ತರದ ಮೇಜು. ಹೊಟ್ಟೆಯ ನಡುವಿನ ಉದ್ದ ಸ್ನಾಯುವಿನಿಂದ ಮೂರು ಇಂಚು ಎಡಕ್ಕೆ, ಅದರ ಎಳೆಗಳಿಗೆ ಸಮಾನಾಂತರವಾಗಿ ಒಂಬತ್ತು ಇಂಚು ಕೊಯ್ದರು. ಕೊಯ್ದ ಕೂಡಲೇ ಕರುಳೆಲ್ಲ ಮೇಜಿನ ಮೇಲೆ ಬಿತ್ತು. ಗಡ್ಡೆಯೇ ಜಾಗವೆಲ್ಲ ತುಂಬಿದ್ದರಿಂದ ಮುಗಿಯುವವರೆಗೂ ವಾಪಸ್ ಹಾಕಲಾಗಲಿಲ್ಲ. ಗಡ್ಡೆಯೂ ಇಡಿಯಾಗಿ ಹೊರಬರುವ ಗಾತ್ರದ್ದಲ್ಲ.

ಇಲ್ಲಿ ಕ್ರಮ ನೋಡಿ. ಮೊದಲು ಗರ್ಭಕೋಶದ ಹತ್ತಿರ ಅಂಡನಾಳಕ್ಕೆ ಗಟ್ಟಿ ದಾರ ಬಿಗಿದರು. ಅದಾದ ಮೇಲಷ್ಟೇ ಗಡ್ಡೆ ಸೀಳಿ 15 ಪೌಂಡ್ ಲೋಳೆ ತೆಗೆದರು. ಆಮೇಲೆ ನಾಳ ಕತ್ತರಿಸಿ ಏಳೂವರೆ ಪೌಂಡಿನ ಚೀಲ ಎಳೆದರು. ಕಟ್ಟುವ ಮುಂಚೆ ಕತ್ತರಿಸಿದ್ದರೆ ರಕ್ತ ತಡೆಯುವವರಿರಲಿಲ್ಲ. ಸುಮಾರು 25 ನಿಮಿಷಕ್ಕೆ ಮುಗಿಯಿತು. ಒಳಗೆ ನಿಂತ ರಕ್ತ ಹರಿದುಹೋಗಲಿ ಅಂತ ಆಕೆಯನ್ನು ಎಡಮಗ್ಗುಲಿಗೆ ಹೊರಳಿಸಿದರು. ಬಿಡಿಬಿಡಿ ಹೊಲಿಗೆ ಹಾಕಿ, ಎರಡೆರಡು ಹೊಲಿಗೆಗಳ ನಡುವೆ ಅಂಟುಪಟ್ಟಿ. ಕಟ್ಟಿದ ದಾರದ ತುದಿಯನ್ನು ಗಾಯದ ಕೆಳತುದಿಯಿಂದ ಹೊರಗೇ ಬಿಟ್ಟರು. ಆಗಿನ ದಾರ ಸೋಂಕಿಲ್ಲದ್ದಲ್ಲ, ಒಳಗೇ ಉಳಿದರೆ ಕೀವಾಗುತ್ತದೆ. ತುದಿ ಹೊರಗಿದ್ದರೆ ಕೀವಿಗೂ ದಾರಿ, ಆಮೇಲೆ ದಾರ ಎಳೆದು ತೆಗೆಯಲೂ ಆಗುತ್ತದೆ. ಬ್ರಿಟನ್ನಿನ ಸರ್ಜನ್ ಲಿಸ್ಟರ್ ತಮ್ಮ ಸೋಂಕುನಾಶಕ ವಿಧಾನ ಪ್ರಕಟಿಸಿದ್ದು 1867ರಲ್ಲಿ. ಹತ್ತು ರೋಗಿಗಳ ಕೀವು ಸೇರುವ ವಾರ್ಡ್ ಈ ಮನೆಯಲ್ಲಿ ಇರದಿದ್ದದ್ದೂ ಆಕೆಯ ಅದೃಷ್ಟ. ಐದನೇ ದಿನ ಡಾಕ್ಟರು ನೋಡಲು ಹೋದರೆ ಆಕೆ ತಮ್ಮ ಹಾಸಿಗೆ ತಾವೇ ಸರಿಮಾಡುತ್ತಿದ್ದರು! 25 ದಿನಕ್ಕೆ ಊರಿಗೆ ಹೊರಟರು.

ಹೊರಗೆ ಜನ ನೇಣುಹಗ್ಗ ಹಿಡಿದು ಕಾಯುತ್ತಿದ್ದರು ಅನ್ನುವ ಕಥೆ ಕೇಳಿರಬಹುದು. ಡಾಕ್ಟರು ಬರೆದ ವರದಿಯಲ್ಲಿ ಅದರ ಸುಳಿವೇ ಇಲ್ಲ. 1817ರಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಬಂದ ಆ ವರದಿ ಬಹಳ ಚಿಕ್ಕದು, ಮೂರು ಕೇಸುಗಳದ್ದು. ಉಳಿದಿಬ್ಬರು ಕಪ್ಪು ಹೆಂಗಸರು, ಅವರ ಹೆಸರನ್ನೇ ಬರೆದಿಲ್ಲ. ಒಬ್ಬರಲ್ಲಿ ಗಡ್ಡೆ ಮೂತ್ರಕೋಶಕ್ಕೂ ಗರ್ಭಕೋಶಕ್ಕೂ ಅಂಟಿಕೊಂಡಿದ್ದರಿಂದ ಪೂರ್ತಿ ತೆಗೆಯಲಾಗಲಿಲ್ಲ. ಗಡ್ಡೆ ಸರಿದಾಡಬೇಕು ಅಂದದ್ದು ಇದಕ್ಕೇ. ಇನ್ನೊಬ್ಬರಲ್ಲಿ ಬಿಗಿದ ದಾರವೇ ಜಾರಿ ರಕ್ತ ನುಗ್ಗಿತು. ಸೂಜಿಯಿಂದ ಮಾಂಸದೊಳಗೆ ದಾರ ತೂರಿಸಿ ಮತ್ತೆ ಕಟ್ಟಬೇಕಾಯಿತು. ಲಂಡನ್ನಿನ ಜೇಮ್ಸ್ ಜಾನ್ಸನ್ ಎಂಬ ಸಂಪಾದಕರು ಇದನ್ನೆಲ್ಲ ನಂಬದೆ ಗೇಲಿ ಮಾಡಿದರು, ಆಮೇಲೆ ಕ್ಷಮೆ ಕೇಳಿದರು.

ಮೂತ್ರಕೋಶದ ಕಲ್ಲು ತೆಗೆಯುವುದರಲ್ಲೂ ಇವರದು ಪಳಗಿದ ಕೈ. 1812ರಲ್ಲಿ ಟೆನೆಸಿಯಿಂದ ಬಂದ ಹದಿನೇಳರ ಹುಡುಗನಿಗೆ ಕಲ್ಲು ತೆಗೆದರು. ಹುಡುಗನ ಹೆಸರು ಜೇಮ್ಸ್ ಪೋಕ್, ಮುಂದೆ ಅಮೆರಿಕದ 11ನೇ ಅಧ್ಯಕ್ಷ.

ಡಾಕ್ಟರು 1830ರ ಜೂನ್ 25ರಂದು ಹೊಟ್ಟೆನೋವಿನಿಂದಲೇ ತೀರಿಕೊಂಡರು. ಅಪೆಂಡಿಕ್ಸ್ ಒಡೆದಿರಬೇಕು ಅನ್ನುವುದು ಈಗಿನವರ ಊಹೆ. ಸಾರಾ ತೀರಿಕೊಂಡದ್ದು 1840ರಲ್ಲಿ. ಜೇನ್ ಇಂಡಿಯಾನಾಕ್ಕೆ ಹೋಗಿ 1842ರವರೆಗೆ, ಅಂದರೆ ಆಪರೇಷನ್ ಆಗಿ 32 ವರ್ಷ, ಬದುಕಿದ್ದರು.