ಗ್ರೀನ್ ಕಾರ್ಡ್ ಡೇಟ್ ಹಿಂದಕ್ಕೆ ಯಾಕೆ ಹೋಗುತ್ತದೆ? ವೀಸಾ ಬುಲೆಟಿನ್ ಓದುವ ಬಗೆ

[ನಿರೂಪಕಿ ಕ್ಯಾಮೆರಾ ಎದುರು]

ನಮಸ್ಕಾರ. ತಿಂಗಳ ಮಧ್ಯ ಬಂತು ಅಂದರೆ ಅಮೆರಿಕದಲ್ಲಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ಒಂದೇ ಮಾತು. "ಬುಲೆಟಿನ್ ಬಂತಾ? ಡೇಟ್ ಎಷ್ಟು ಮುಂದೆ ಹೋಯ್ತು?" ಊರಿಂದ ಅಮ್ಮ ಫೋನ್ ಮಾಡಿದಾಗಲೂ ಅದೇ. "ಇನ್ನೂ ಆಗ್ಲಿಲ್ವೇನೋ ನಿಂದು? ನಿನ್ ಜೊತೆ ಹೋದವರಿಗೆಲ್ಲ ಆಯ್ತಂತೆ." ಅಮ್ಮನಿಗೆ ಏನು ಹೇಳಬೇಕು ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಗ್ರೀನ್ ಕಾರ್ಡ್ ಅಂದರೆ ಅಮೆರಿಕದಲ್ಲಿ ಕಾಯಂ ಆಗಿ ಇರುವ ಪರವಾನಗಿ. ಅದರ ಸಾಲಿನಲ್ಲಿ ಯಾವ ತಾರೀಖಿನವರ ತನಕ ಸರದಿ ಬಂದಿದೆ ಅಂತ ಪ್ರತಿ ತಿಂಗಳು ಹೇಳುವ ಸರ್ಕಾರಿ ಪಟ್ಟಿಯೇ ವೀಸಾ ಬುಲೆಟಿನ್. ಅದರಲ್ಲಿರುವ ತಾರೀಖನ್ನು ನಿಮಗೆ ಕೊಟ್ಟ ಮಾತು ಅಂತ ಯಾರೂ ಅಂದುಕೊಳ್ಳಬೇಡಿ. "ಈ ಸಲ ಒಂದು ತಿಂಗಳು ಮುಂದೆ ಹೋಯ್ತು, ನನ್ನದಕ್ಕೆ ಇನ್ನು 20 ತಿಂಗಳ ದೂರ, ಹಾಗಾದರೆ 20 ತಿಂಗಳಲ್ಲಿ ಗ್ರೀನ್ ಕಾರ್ಡ್." ಈ ಲೆಕ್ಕ ಹಾಕಿ ಮನೆ ಕೊಳ್ಳುವುದು, ಮಗಳ ಕಾಲೇಜು ನಿರ್ಧರಿಸುವುದು, ಇದನ್ನೆಲ್ಲ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಲೆಕ್ಕ ಯಾಕೆ ಕೂಡಿ ಬರುವುದಿಲ್ಲ ಅಂತ ನೋಡೋಣ.

[ಸ್ಕ್ರೀನ್ ಮೇಲೆ: 1,40,000. ಅದರ ಕೆಳಗೆ 40,040. ಅದರ ಕೆಳಗೆ 2,800]

ಮೊದಲು ಸಂಖ್ಯೆಗಳು. ಉದ್ಯೋಗದ ಮೇಲೆ ಸಿಗುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಇದು 1990ರ ಕಾನೂನಿನಲ್ಲಿ ಬರೆದಿಟ್ಟ ಸಂಖ್ಯೆ. ಪರಿಣತ ಕೆಲಸಗಾರರಿಗೆ ಕೆಲವು ವರ್ಷಗಳಿಗೆ ಕೊಡುವ ಎಚ್-1ಬಿ ವೀಸಾ ಹುಟ್ಟಿದ್ದೂ ಅದೇ ಕಾನೂನಿನಲ್ಲಿ. ಆಮೇಲೆ ಬೆಂಗಳೂರು ಬದಲಾಯಿತು, ಇಡೀ ಸಾಫ್ಟ್‌ವೇರ್ ಲೋಕವೇ ಬದಲಾಯಿತು, ಆ ಸಂಖ್ಯೆ ಮಾತ್ರ ಅಲ್ಲೇ ಇದೆ.

ಈ 1,40,000ದಲ್ಲಿ ಮುಖ್ಯವಾಗಿ ಮೂರು ಗುಂಪು: ಇಬಿ-1 (ದೊಡ್ಡ ಸಾಧಕರು, ಬಹುರಾಷ್ಟ್ರೀಯ ಕಂಪನಿಗಳ ಮ್ಯಾನೇಜರ್‌ಗಳು ಮುಂತಾದವರು), ಇಬಿ-2 (ಉನ್ನತ ಪದವಿಯವರು ಮುಂತಾದವರು), ಇಬಿ-3 (ಪದವೀಧರರು, ಕುಶಲ ಕೆಲಸಗಾರರು ಮುಂತಾದವರು). ಈ ಮೂರಕ್ಕೂ ತಲಾ ಶೇ. 28.6. ಅಂದರೆ ಒಂದೊಂದಕ್ಕೆ 40,040. ಒಂದೇ ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಶೇ. 7 ದಾಟಬಾರದು. ಹಾಗಾಗಿ ಭಾರತದ ಇಬಿ-2ಕ್ಕೆ ವರ್ಷಕ್ಕೆ ಸುಮಾರು 2,800. ಭಾರತಕ್ಕೂ ಅದೇ ಮಿತಿ, ಐಸ್‌ಲ್ಯಾಂಡಿಗೂ ಅದೇ ಮಿತಿ.

ಅದೂ 2,800 ಉದ್ಯೋಗಿಗಳಲ್ಲ, 2,800 ತಲೆಗಳು. ಗಂಡ, ಹೆಂಡತಿ, ಒಂದು ಮಗು ಇದ್ದರೆ ಮೂರು ನಂಬರ್ ಹೋಯಿತು. ಆ ಲೆಕ್ಕದಲ್ಲಿ ಸಾವಿರ ಸಂಸಾರಕ್ಕೂ ಸಾಲುವುದಿಲ್ಲ. ಆ ಕಡೆ ವರ್ಷಕ್ಕೆ 85,000 ಹೊಸ ಎಚ್-1ಬಿ ಬರುತ್ತವೆ. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ದೇಶದವರಿಗೇ. ಬರುವ ದಾರಿ ಅಷ್ಟು ಅಗಲ, ಮುಂದೆ ಹೋಗುವ ದಾರಿ ಇಷ್ಟು ಕಿರಿದು. ಸಾಲು ಬೆಳೆಯದೆ ಇನ್ನೇನಾಗುತ್ತದೆ?

ಒಂದು ಸಮಾಧಾನ ಇದೆ. ಬೇರೆ ದೇಶದವರು ಬಳಸದೆ ಉಳಿದ ನಂಬರ್‌ಗಳು ಅದೇ ಗುಂಪಿನಲ್ಲಿ ಅತಿ ಹಳೆಯ ತಾರೀಖಿನವರಿಗೆ ಹೋಗುತ್ತವೆ. ಅತಿ ಹಳೆಯ ತಾರೀಖಿನವರು ಸಾಮಾನ್ಯವಾಗಿ ನಾವೇ. ಆದರೆ ಎಷ್ಟು ಉಳಿಯುತ್ತದೆ ಅನ್ನುವುದು ವರ್ಷ ಮುಗಿಯುತ್ತ ಬಂದಾಗಲೇ ಗೊತ್ತಾಗುವುದು. ಸರ್ಕಾರದ ಆ ವರ್ಷ ಅಕ್ಟೋಬರ್ 1ಕ್ಕೆ ಶುರು, ಸೆಪ್ಟೆಂಬರ್ 30ಕ್ಕೆ ಕೊನೆ.

[ಅನಿಮೇಷನ್: ಕೆರೆ, ತೂಬು, ಕೆಳಗೆ ಗದ್ದೆಗಳು]

ಕೆರೆಯ ನೀರಗಂಟಿಯನ್ನು ನೆನೆಸಿಕೊಳ್ಳಿ. ಕೆರೆಯಲ್ಲಿ ನೀರೆಷ್ಟಿದೆ, ಕೆಳಗೆ ಎಷ್ಟು ಗದ್ದೆ ಕಾಯುತ್ತಿವೆ ಅಂತ ನೋಡಿಕೊಂಡು ಅವನು ತೂಬು ಎತ್ತುತ್ತಾನೆ. ಜಾಸ್ತಿ ಎತ್ತಿದರೆ ನೀರು ಬೇಗ ಖಾಲಿ. ಕಡಿಮೆ ಎತ್ತಿದರೆ ನೀರು ಉಳಿದು ದಂಡ. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಮಾಡುವುದು ಇದನ್ನೇ. ಬುಲೆಟಿನ್ ತಾರೀಖು ಅಂದರೆ ಆ ತಿಂಗಳು ತೂಬು ಎಷ್ಟು ಎತ್ತಿದ್ದಾರೆ ಅನ್ನುವ ಗುರುತು. ತಾರೀಖು ಆರು ತಿಂಗಳು ಮುಂದೆ ಹೋಯ್ತು ಅಂದರೆ ಆರು ತಿಂಗಳ ಜನರಿಗೆಲ್ಲ ಕಾರ್ಡ್ ಸಿಕ್ಕಿತು ಅಂತಲ್ಲ. "ಅರ್ಜಿ ಸಾಲುತ್ತಿಲ್ಲ, ಇನ್ನಷ್ಟು ಜನ ಬನ್ನಿ" ಅಂತ ಕರೆದಿದ್ದಾರೆ. ಬಂದವರು ಅಂದಾಜಿಗಿಂತ ಜಾಸ್ತಿಯಾದರೆ ತೂಬು ಇಳಿಸುತ್ತಾರೆ. ತಾರೀಖು ಹಿಂದೆ ಹೋಗುತ್ತದೆ.

ಇದು ಬರೀ ಮಾತಲ್ಲ. 2023ರ ಜುಲೈ ಬುಲೆಟಿನ್‌ನಲ್ಲಿ ಭಾರತದ ಇಬಿ-1 ತಾರೀಖು 2022ರ ಫೆಬ್ರವರಿ 1. ಮುಂದಿನ ತಿಂಗಳು, ಆಗಸ್ಟ್‌ನಲ್ಲಿ, 2012ರ ಜನವರಿ 1. ಒಂದೇ ತಿಂಗಳಲ್ಲಿ ಹತ್ತು ವರ್ಷ ಹಿಂದೆ! ಅಕ್ಟೋಬರ್‌ನಲ್ಲಿ ಹೊಸ ವರ್ಷದ ನಂಬರ್ ಬಂದ ಮೇಲೆ 2017ರ ಜನವರಿಗೆ ಬಂತು.

ಇಬಿ-2ರ ಕಥೆ ಇನ್ನೂ ನೋವಿನದು. ಕೋವಿಡ್ ಕಾಲದಲ್ಲಿ ಹೊರದೇಶಗಳ ಅಮೆರಿಕನ್ ಕಾನ್ಸುಲೇಟ್‌ಗಳು ಮುಚ್ಚಿದ್ದವು. ಕುಟುಂಬದ ಆಧಾರದ ವೀಸಾಗಳು ಬಳಕೆಯಾಗದೆ ಉಳಿದವು. ಕಾನೂನಿನ ಪ್ರಕಾರ ಅವು ಮುಂದಿನ ವರ್ಷ ಉದ್ಯೋಗದ ಕಡೆಗೆ ಬರುತ್ತವೆ. ಹಾಗಾಗಿ 2022ರಲ್ಲಿ 2,80,000ಕ್ಕೂ ಹೆಚ್ಚು ನಂಬರ್ ಇದ್ದವು, ಮಾಮೂಲಿಯ ಎರಡು ಪಟ್ಟು. ಭಾರತದ ಇಬಿ-2 ತಾರೀಖು 2014ರ ಡಿಸೆಂಬರ್ 1ರ ತನಕ ಓಡಿತು. ಎಷ್ಟೋ ಜನ ಇನ್ನೇನು ಬಂದೇ ಬಿಡ್ತು ಅಂದುಕೊಂಡರು. ಅದೇ ಅಕ್ಟೋಬರ್‌ನಲ್ಲಿ ಅದು 2012ರ ಏಪ್ರಿಲ್‌ಗೆ ಬಿತ್ತು. ಡಿಸೆಂಬರ್‌ನಲ್ಲಿ 2011ರ ಅಕ್ಟೋಬರ್. ಮುಂದಿನ ವರ್ಷ 2011ರ ಜನವರಿ. ಆ ಓಟ ನಡೆದದ್ದು ಒಂದು ಸಲ ಸಿಕ್ಕ ಹೆಚ್ಚುವರಿ ನಂಬರ್‌ಗಳಿಂದ. ಆ ವೇಗವನ್ನು ಹಿಡಿದು ಮುಂದಿನದನ್ನು ಊಹಿಸಿದವರೆಲ್ಲ ಮೋಸ ಹೋದರು.

[ಹಳೆಯ ಕ್ಯಾಲೆಂಡರ್: ಜುಲೈ 2007]

2007ರ ಜುಲೈ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಆ ತಿಂಗಳ ಬುಲೆಟಿನ್‌ನಲ್ಲಿ ಉದ್ಯೋಗದ ಗುಂಪುಗಳು ಹೆಚ್ಚುಕಡಿಮೆ ಎಲ್ಲವೂ ಕರೆಂಟ್. ಅಂದರೆ ಆ ಗುಂಪುಗಳವರು ಡೇಟ್ ಯಾವುದೇ ಇದ್ದರೂ ಐ-485 ಹಾಕಬಹುದು. ಅಮೆರಿಕದ ಒಳಗಿದ್ದುಕೊಂಡು ಗ್ರೀನ್ ಕಾರ್ಡ್ ಕೇಳುವ ಕೊನೆಯ ಹಂತದ ಅರ್ಜಿ ಅದು. ಜನ ರಜೆ ಹಾಕಿ ಓಡಾಡಿದರು. ಮೆಡಿಕಲ್ ಟೆಸ್ಟ್ ಮಾಡಿಸಿದರು, ಊರಿಂದ ಕಾಗದಪತ್ರ ತರಿಸಿದರು, ವಕೀಲರಿಗೆ ಫೀಸು ಕಟ್ಟಿದರು. ಜುಲೈ 2ಕ್ಕೆ ಸರ್ಕಾರ ಹೇಳಿತು: ನಂಬರ್ ಮುಗಿದಿದೆ, ಅರ್ಜಿ ತೆಗೆದುಕೊಳ್ಳುವುದಿಲ್ಲ.

ಆಗ ನಮ್ಮವರು ಏನು ಮಾಡಿದರು ಗೊತ್ತಾ? ವಲಸೆ ಇಲಾಖೆ ಯುಎಸ್‌ಸಿಐಎಸ್‌ನ ನಿರ್ದೇಶಕ ಎಮಿಲಿಯೊ ಗೊನ್ಸಾಲೆಸ್ ಅವರಿಗೆ ರಾಶಿ ರಾಶಿ ಹೂವು ಕಳಿಸಿದರು. ಗಾಂಧಿಗಿರಿ! ಕೂಗಾಟವಿಲ್ಲ, ಬೈಗುಳವಿಲ್ಲ. ಅವರು ಆ ಹೂಗಳನ್ನು ಆಸ್ಪತ್ರೆಯಲ್ಲಿದ್ದ ಗಾಯಾಳು ಸೈನಿಕರಿಗೆ ಕಳಿಸಿಕೊಟ್ಟರು. ಜುಲೈ 17ಕ್ಕೆ ಸರ್ಕಾರ ತೀರ್ಮಾನ ಬದಲಿಸಿ, ಆಗಸ್ಟ್ 17ರ ತನಕ ಅರ್ಜಿ ತೆಗೆದುಕೊಂಡಿತು. ಹೂವಿನ ಜೊತೆಗೆ ಕೋರ್ಟಿನ ಒತ್ತಡವೂ ಇತ್ತು. ಆದರೂ ಆ ಹೂಗಳ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

[ಸ್ಕ್ರೀನ್ ಮೇಲೆ: ಎರಡು ಪಟ್ಟಿಗಳು ಅಕ್ಕಪಕ್ಕ]

ಈಗ ಬುಲೆಟಿನ್ ತೆರೆಯೋಣ. ನಿಮ್ಮ ಪ್ರಯಾರಿಟಿ ಡೇಟ್, ಅಂದರೆ ನೀವು ಸಾಲಿಗೆ ಸೇರಿದ ದಿನ, ಕೈಯಲ್ಲಿರಲಿ. ಈ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಅಂತ ತೋರಿಸುವ ಪರ್ಮ್ ಅರ್ಜಿಯನ್ನು ಕಂಪನಿ ಹಾಕಿದ್ದರೆ, ಕಾರ್ಮಿಕ ಇಲಾಖೆಗೆ ಅದು ಸಲ್ಲಿಕೆಯಾದ ದಿನವೇ ನಿಮ್ಮ ಡೇಟ್. ಪರ್ಮ್ ಬೇಕಿಲ್ಲದ ಇಬಿ-1ರಂಥದ್ದಾದರೆ ಐ-140, ಅಂದರೆ ಆ ಗುಂಪಿಗೆ ನೀವು ಅರ್ಹರು ಅಂತ ವಲಸೆ ಇಲಾಖೆಗೆ ತೋರಿಸುವ ಅರ್ಜಿ, ಹಾಕಿದ ದಿನ.

ಬುಲೆಟಿನ್‌ನಲ್ಲಿ ಎರಡು ಪಟ್ಟಿ ಇರುತ್ತವೆ. ಒಂದು ಫೈನಲ್ ಆಕ್ಷನ್ ಡೇಟ್ಸ್: ಕಾರ್ಡ್ ನಿಜವಾಗಿ ಕೊಡಲು ನಂಬರ್ ಇರುವವರು. ಇನ್ನೊಂದು ಡೇಟ್ಸ್ ಫಾರ್ ಫೈಲಿಂಗ್: ಅರ್ಜಿ ಹಾಕಿ ಕಾಯಬಹುದಾದವರು. ಈ ಎರಡನೇ ಪಟ್ಟಿ 2015ರ ಅಕ್ಟೋಬರ್‌ನಿಂದ ಇದೆ. ಅಮೆರಿಕದ ಒಳಗಿದ್ದು ಅರ್ಜಿ ಹಾಕುವವರು ಯಾವ ಪಟ್ಟಿ ನೋಡಬೇಕು ಅಂತ ಯುಎಸ್‌ಸಿಐಎಸ್ ಪ್ರತಿ ತಿಂಗಳು ತನ್ನ ವೆಬ್‌ಸೈಟಿನಲ್ಲಿ ಬೇರೆಯಾಗಿ ಹೇಳುತ್ತದೆ. ಬುಲೆಟಿನ್ ಒಂದನ್ನೇ ನೋಡಿ ಕುಣಿಯಬೇಡಿ. ಆ ಪುಟವನ್ನೂ ನೋಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಜನ ಎಡವುವುದು ಇಲ್ಲೇ. ನಿಮ್ಮ ಡೇಟ್ ಪಟ್ಟಿಯ ತಾರೀಖಿಗಿಂತ ಹಿಂದಿನದಾಗಿರಬೇಕು. ಪಟ್ಟಿಯಲ್ಲಿ ಏಪ್ರಿಲ್ 1 ಇದ್ದು ನಿಮ್ಮದೂ ಏಪ್ರಿಲ್ 1 ಆದರೆ, ಇಲ್ಲ. ಮಾರ್ಚ್ 31 ಆದರೆ ಸರಿ. ತಾರೀಖಿನ ಜಾಗದಲ್ಲಿ ಸಿ ಇದ್ದರೆ ಎಲ್ಲರಿಗೂ ಬಾಗಿಲು ತೆರೆದಿದೆ, ಯು ಇದ್ದರೆ ಸದ್ಯಕ್ಕೆ ಯಾರಿಗೂ ಇಲ್ಲ.

ಐ-485 ಒಳಗೆ ಹೋಯಿತು ಅಂದರೆ ಡೇಟ್ ಹಿಂದೆ ಹೋದರೂ ಅರ್ಜಿ ಬಿದ್ದುಹೋಗುವುದಿಲ್ಲ. ಅಲ್ಲೇ ಕಾಯುತ್ತದೆ. ಆ ಅರ್ಜಿಯ ಮೇಲೆ ನಿಮಗೂ ನಿಮ್ಮ ಮನೆಯವರಿಗೂ ಕೆಲಸದ ಅನುಮತಿ ಕೇಳಬಹುದು. ಐ-140 ಮಂಜೂರಾಗಿದ್ದು, ಅರ್ಜಿ ಹಾಕಿ 180 ದಿನ ಆದ ಮೇಲೆ ಅದೇ ಬಗೆಯ ಬೇರೆ ಕೆಲಸಕ್ಕೂ ಹೋಗಬಹುದು. ಅದಕ್ಕೇ ಹೇಳುವುದು, ಫೈಲಿಂಗ್ ಪಟ್ಟಿಯ ಬಾಗಿಲು ತೆರೆದ ತಿಂಗಳು ಕಳೆದುಕೊಳ್ಳಬೇಡಿ. ಮುಂದಿನ ತಿಂಗಳು ಅದು ತೆರೆದಿರುತ್ತದೆ ಅಂತ ಯಾರೂ ಹೇಳಲಾರರು.

[ನಿರೂಪಕಿ, ನಿಧಾನವಾಗಿ]

ಈಗ ಮಕ್ಕಳ ವಿಷಯ. ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ. ಎರಡು ವರ್ಷದ ಮಗುವನ್ನು ಎತ್ತಿಕೊಂಡು ಅಲ್ಲಿಗೆ ಹೋದವರು ಇದ್ದಾರೆ. ಆ ಮಗು ಅಲ್ಲೇ ಅಕ್ಷರ ಕಲಿತಿದೆ, ಅಲ್ಲೇ ಬೆಳೆದಿದೆ. 21 ತುಂಬಿದರೆ ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ.

ಇದಕ್ಕೆ 2002ರ ಒಂದು ಕಾನೂನಿನಲ್ಲಿ ಸ್ವಲ್ಪ ರಕ್ಷಣೆ ಇದೆ. ಐ-140 ಎಷ್ಟು ದಿನ ಇಲಾಖೆಯಲ್ಲಿ ಬಾಕಿ ಇತ್ತೋ ಅಷ್ಟು ದಿನವನ್ನು ಮಗುವಿನ ವಯಸ್ಸಿನಿಂದ ಕಳೆಯುತ್ತಾರೆ. ನಿಮ್ಮ ಡೇಟ್ ಬಂದಾಗ ಮಗಳಿಗೆ 21 ವರ್ಷ 4 ತಿಂಗಳು, ಐ-140 ಆರು ತಿಂಗಳು ಬಾಕಿ ಇತ್ತು ಅಂದರೆ ಅವಳ ವಯಸ್ಸು 20 ವರ್ಷ 10 ತಿಂಗಳು ಅಂತ ಲೆಕ್ಕ. ಅವಳು ಉಳಿದಳು. ಆದರೆ ಡೇಟ್ ಬಂದ ಒಂದು ವರ್ಷದೊಳಗೆ ಅವಳ ಅರ್ಜಿ ಹಾಕಬೇಕು, ಅವಳಿಗೆ ಮದುವೆ ಆಗಿರಬಾರದು. ಪ್ರೀಮಿಯಂ ಫೀಸು ಕಟ್ಟಿ ಐ-140 ಬೇಗ ಮಾಡಿಸಿಕೊಂಡವರಿಗೆ ಕಳೆಯಲು ಕೆಲವೇ ದಿನ ಸಿಗುತ್ತವೆ. ಬೇಗ ಆದದ್ದೇ ಇಲ್ಲಿ ನಷ್ಟವಾಗಬಹುದು.

"ಡೇಟ್ ಬಂತು" ಅನ್ನುವುದಕ್ಕೆ ಯಾವ ಪಟ್ಟಿ? 2023ರ ಫೆಬ್ರವರಿಯಲ್ಲಿ ಫೈಲಿಂಗ್ ಪಟ್ಟಿಯನ್ನೂ ಒಪ್ಪಿದ್ದರು. 2025ರ ಆಗಸ್ಟ್ 15ರಿಂದ ಹಾಕುವ ಅರ್ಜಿಗಳಿಗೆ ಮತ್ತೆ ಫೈನಲ್ ಆಕ್ಷನ್ ಪಟ್ಟಿಯೇ. ಹದಿನೆಂಟು ದಾಟಿದ ಮಕ್ಕಳಿದ್ದರೆ ಈ ಲೆಕ್ಕವನ್ನು ಇವತ್ತೇ ವಕೀಲರ ಜೊತೆ ಕೂತು ಮಾಡಿ.

ಕಾನೂನು ಬದಲಾಗುವುದಿಲ್ಲವೇ ಅಂತ ಕೇಳಬಹುದು. ದೇಶವಾರು ಮಿತಿ ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ 365–65 ಮತಗಳಿಂದ ಪಾಸಾಗಿತ್ತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೆ ರೂಪದಲ್ಲಿ ಪಾಸು ಮಾಡಿತು. ಎರಡೂ ಕೂಡಿ ಒಂದಾಗಲಿಲ್ಲ, ಅವಧಿ ಮುಗಿಯಿತು.

[ಸ್ಕ್ರೀನ್ ಮೇಲೆ: ಹುಟ್ಟಿದ ದೇಶ]

ಕರಾವಳಿಯವರು ಇದನ್ನು ಕೇಳಿಸಿಕೊಳ್ಳಿ. ಈ ಸಾಲಿನಲ್ಲಿ ಲೆಕ್ಕಕ್ಕೆ ಬರುವುದು ನೀವು ಹುಟ್ಟಿದ ದೇಶ, ಪಾಸ್‌ಪೋರ್ಟ್ ಅಲ್ಲ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಜನ ಹುಟ್ಟಿದ್ದು ದುಬೈ, ಕುವೈತ್, ಮಸ್ಕತ್‌ಗಳಲ್ಲಿ. ಹೆಂಡತಿ ದುಬೈನಲ್ಲಿ ಹುಟ್ಟಿದ್ದರೆ, ಗಂಡನೂ ಅವಳ ಜೊತೆ ಆ ದೇಶದ ಲೆಕ್ಕಕ್ಕೆ ಸೇರಬಹುದು. ಭಾರತದ ಸಾಲನ್ನೇ ಬಿಟ್ಟು ಹೊರಗೆ ಬರಬಹುದು. ವರ್ಷಗಟ್ಟಲೆ ಕಾದ ಮೇಲೆ ಇದು ಗೊತ್ತಾಗಬಾರದು.

ಕೊನೆಗೆ, ಊರಿನ ಕಾಗದಪತ್ರ. ಡೇಟ್ ನಮ್ಮ ಕೈಯಲ್ಲಿಲ್ಲ, ಇದು ನಮ್ಮ ಕೈಯಲ್ಲಿದೆ. ಹಳ್ಳಿಯ ಮನೆಯಲ್ಲೇ ಹುಟ್ಟಿದ ಎಷ್ಟೋ ಜನರಿಗೆ ಜನನ ಪ್ರಮಾಣಪತ್ರವೇ ಇಲ್ಲ. ಇದ್ದರೂ ಮಗುವಿನ ಹೆಸರಿನ ಜಾಗ ಖಾಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಬಾಗಿಲು ತೆರೆದ ತಿಂಗಳಲ್ಲಿ ಇದನ್ನು ಸರಿಮಾಡಿಸಲು ಹೊರಟರೆ ಆಗುವುದಿಲ್ಲ. ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ. ದಾಖಲೆಯೇ ಇಲ್ಲದಿದ್ದರೆ, ಇಲ್ಲ ಅನ್ನುವ ಪತ್ರವನ್ನು ನೋಂದಣಿ ಕಚೇರಿಯಿಂದ ತೆಗೆದುಕೊಳ್ಳಿ. ಅದರ ಜೊತೆಗೆ ನಿಮ್ಮ ಹುಟ್ಟಿನ ಬಗ್ಗೆ ಗೊತ್ತಿರುವ ಹಿರಿಯರಿಂದ ಅಫಿಡವಿಟ್ ಬರೆಸಿ. ಅಪ್ಪ ಅಮ್ಮ ಗಟ್ಟಿಯಾಗಿ ಇರುವಾಗಲೇ ಬರೆಸಿಬಿಡಿ.