ಉಳಿದ ಹತ್ತು ಎಲ್ಲಿ ಹೋದವು?

(ದಾವಣಗೆರೆಯ ಕಾಲೇಜೊಂದರ ಜೀವಶಾಸ್ತ್ರ ಸಂಘದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿದ್ದು 40 ನಿಮಿಷ. ಪ್ರಾರ್ಥನೆ, ಸ್ವಾಗತ, ಹಾರ ಎಲ್ಲ ಮುಗಿದು ಈಗ 20 ಉಳಿದಿದೆ. ಈರುಳ್ಳಿ ಬೇರಿನ ಒಂದು ಕೋಶ ಎರಡಾಗೋಕೂ ಇದು ಸಾಲದು.

ಅಂದ ಹಾಗೆ, ಈರುಳ್ಳಿ ತಂದಿದ್ದೇನೆ. ನಗಬೇಡಿ, ಜೇಬಿನಲ್ಲೇ ಇದೆ. ಚಳ್ಳಕೆರೆ ಕಡೆಯದು.

ಮೊದಲು ಒಂದು ಲೆಕ್ಕ. ಮೈಟೋಸಿಸ್, ಅಂದರೆ ಒಂದು ಕೋಶ ಎರಡಾಗೋದು, ಅದರ ಚಿತ್ರ ಬರೆದವರು ಕೈ ಎತ್ತಿ. ಎಲ್ಲರೂ. ಸರಿ. ಅದರಲ್ಲಿ ಕ್ರೋಮೋಸೋಮುಗಳು, ಅಂದರೆ ಡಿಎನ್‌ಎ ಸುತ್ತಿಕೊಂಡ ಎಳೆಗಳು, ಕೋಶದ ನಡುವೆ ಸಾಲಾಗಿ ನಿಲ್ಲುವ ಹಂತ ಮೆಟಾಫೇಸ್. ಅದನ್ನು ಮೈಕ್ರೋಸ್ಕೋಪಿನಲ್ಲಿ ಸ್ವಂತ ಕಣ್ಣಿನಿಂದ ನೋಡಿದವರು? ಏಳು... ಎಂಟು. ಹಿಂದಿನ ಬೆಂಚಿನವರು ಅರ್ಧ ಎತ್ತಿದ್ದೀರಿ, ಅದನ್ನು ಬಿಟ್ಟೆ.

ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ಬಿಎಸ್ಸಿಯಲ್ಲಿ ನನ್ನ ರೆಕಾರ್ಡ್ ನೋಡಬೇಕಿತ್ತು. ಬಣ್ಣದ ಪೆನ್ಸಿಲ್, ನೀಟಾದ ಗೆರೆ. ಎಲ್ಲವೂ ಸೀನಿಯರ್ ರೆಕಾರ್ಡಿನಿಂದ ಇಳಿಸಿದ್ದು. ಅವನು ಅವನ ಸೀನಿಯರಿನಿಂದ. ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಊರಿನ ಮೇಷ್ಟ್ರು ಬಂದಿದ್ದರು. ಪುಟ ತಿರುವಿ ಕೇಳಿದರು, "ಈರುಳ್ಳಿಗೆ ಎಷ್ಟಪ್ಪಾ ಕ್ರೋಮೋಸೋಮು?" "ಹದಿನಾರು ಸರ್." ಗಿಳಿಯ ಹಾಗೆ ಹೇಳಿದೆ. "ನಿನ್ನ ಮೆಟಾಫೇಸಿನಲ್ಲಿ ಆರೇ ಇವೆಯಲ್ಲ. ಉಳಿದ ಹತ್ತು ಎಲ್ಲಿ? ಎಪಿಎಂಸಿಗೆ ಹಾಕಿದೆಯಾ?"

ನಾನು ಬೆವರುತ್ತಾ ನಿಂತೆ. ಅವರು ಬಿಡಲಿಲ್ಲ. "ಹೋಗಲಿ, ಸ್ಲೈಡಿನಲ್ಲಿ ತೋರಿಸು." ಹುಡುಕಿದೆ, ಹುಡುಕಿದೆ. ಗುಂಡಗೆ, ಕಪ್ಪು ಅಂಚಿನದು ಒಂದು ಸಿಕ್ಕಿತು. "ಇದು ಟೆಲೋಫೇಸ್ ಸರ್" ಅಂದೆ, ವಿಭಜನೆಯ ಕೊನೆಯ ಹಂತ ಅಂತ. ಅವರು ಬಗ್ಗಿ ನೋಡಿ, "ಇದು ಗಾಳಿಗುಳ್ಳೆ ಕಣಪ್ಪಾ" ಅಂದರು. ಪಾಸು ಮಾಡಿದರು, ಪುಣ್ಯಾತ್ಮರು. ಆದರೆ ಆ ಹತ್ತು ಕ್ರೋಮೋಸೋಮನ್ನು ಇವತ್ತಿಗೂ ಹುಡುಕುತ್ತಿದ್ದೇನೆ.

ನಾನಂತೂ ದಡ್ಡ. ಆದರೆ ದೊಡ್ಡವರೂ ಹೀಗೇ ಮಾಡಿದ್ದಾರೆ. ಮನುಷ್ಯನ ಕೋಶದಲ್ಲಿ 48 ಕ್ರೋಮೋಸೋಮು ಅಂತ 1923ರಲ್ಲಿ ಪೇಂಟರ್ ಅನ್ನುವ ವಿಜ್ಞಾನಿ ಬರೆದರು. ಮೂವತ್ತು ವರ್ಷಕ್ಕೂ ಜಾಸ್ತಿ ಜಗತ್ತೆಲ್ಲ 48 ಅಂದಿತು. ಎಣಿಸಿದವರಿಗೂ 48 ಕಾಣಿಸಿತು! ತಪ್ಪು ಯಾಕಾಯಿತು? ಕ್ರೋಮೋಸೋಮುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಮಂಡಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ಎಣಿಸಿ ನೋಡೋಣ. ಪೇಪರಿನ ಮೇಲೆ ಹರಡಿದರೆ ತಾನೇ ಲೆಕ್ಕ ಸಿಗೋದು?

ಹರಡೋದು ಹೇಗೆ ಅಂತ ಗೊತ್ತಾಗಿದ್ದೂ ಒಂದು ಎಡವಟ್ಟಿನಿಂದಲೇ. ಅಮೆರಿಕದಲ್ಲಿ ಟಿ.ಸಿ. ಶೂ ಅಂತ ಒಬ್ಬರು. ಅವರ ಲ್ಯಾಬಿನಲ್ಲಿ ಯಾರೋ ದ್ರಾವಣಕ್ಕೆ ಉಪ್ಪು ಕಡಿಮೆ ಹಾಕಿದ್ದರು. ಕೋಶಗಳು ನೀರು ಕುಡಿದು ಉಬ್ಬಿದವು, ಕ್ರೋಮೋಸೋಮು ಬಿಡಿಬಿಡಿಯಾದವು. 1952ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅಷ್ಟು ಚೆನ್ನಾಗಿ ಕಾಣುತ್ತಿದ್ದರೂ ಅವರು ಬರೆದದ್ದು ಎಷ್ಟು ಗೊತ್ತಾ? 48! ಸೀನಿಯರ್ ರೆಕಾರ್ಡು, ನೋಡಿ.

46 ಅಂತ ಹೇಳಿದವರು ಸ್ವೀಡನ್ನಿನ ಲುಂಡ್‌ನಲ್ಲಿದ್ದ ಚಿಯೋ ಮತ್ತು ಲೆವಾನ್, 1956ರಲ್ಲಿ. ನನಗೆ ಖುಷಿ ಕೊಡುವ ವಿಷಯ ಬೇರೆ. ಇಬ್ಬರೂ ಗಿಡಗಳ ಕ್ರೋಮೋಸೋಮು ಎಣಿಸಿ ಪಳಗಿದವರು. ಲೆವಾನ್ 1938ರಲ್ಲೇ ಈರುಳ್ಳಿ ಬೇರಿಗೆ ಕಾಲ್ಚಿಸಿನ್ ಹಾಕಿ ನೋಡಿದ್ದರು. ಅದು ಕ್ರೋಮೋಸೋಮುಗಳನ್ನು ಎಳೆಯುವ ಎಳೆಗಳನ್ನೇ ಕಟ್ಟಗೊಡುವುದಿಲ್ಲ, ವಿಭಜನೆ ನಡುವೆ ನಿಂತುಬಿಡುತ್ತೆ. ನಮ್ಮ ಬೇಲಿಯ ಗೌರಿ ಹೂವಿನ ಗಿಡದಲ್ಲೂ ಕಾಲ್ಚಿಸಿನ್ ಇದೆ. ಪ್ರಯೋಗ ಅಂತ ಬಾಯಿಗೆ ಹಾಕಬೇಡಿ, ಕಡು ವಿಷ. ಮನುಷ್ಯನ ಲೆಕ್ಕ ಸರಿಮಾಡಿದ ಕೈ ಈರುಳ್ಳಿಯಲ್ಲಿ ಪಳಗಿದ್ದು, ಅಲ್ವಾ?

ನೀವು ಸ್ಲೈಡ್ ಮಾಡಿದಾಗ ಮೊದಲು ಬೇಜಾರಾಗುತ್ತೆ. ಬಹುಪಾಲು ಕೋಶಗಳು ಇಂಟರ್‌ಫೇಸಿನಲ್ಲೇ, ಅಂದರೆ ಎರಡು ವಿಭಜನೆಗಳ ನಡುವಿನ ಹಂತದಲ್ಲೇ ಇರುತ್ತವೆ. ಸುಮ್ನೆ ಕೂತಿವೆ ಅನ್ನಿಸುತ್ತೆ. ಡಿಎನ್‌ಎ ಇಮ್ಮಡಿಯಾಗುವ ಕೆಲಸ ನಡೆಯೋದೇ ಆಗ. ಮದುವೆಯಲ್ಲಿ ತಾಳಿ ಕಟ್ಟೋದು ಎರಡು ನಿಮಿಷ. ಹಿಂದಿನ ರಾತ್ರಿಯ ಅಡುಗೆಯನ್ನು ಯಾರೂ ವಿಡಿಯೋ ಮಾಡಲ್ಲ.

ಚೀಟಿ ಬಂತು. "ಐದು ನಿಮಿಷ" ಅಂತಿದೆ. ಪರಾಗ, ಅಂಡ ಆಗುವಾಗ ಕ್ರೋಮೋಸೋಮು ಅರ್ಧವಾಗುವ ವಿಭಜನೆ, ಮಿಯೋಸಿಸ್, ಅದನ್ನು ಇನ್ನೂ ಮುಟ್ಟಿಲ್ಲ. ಗುಣಗಳು ಮಕ್ಕಳಿಗೆ ಹೇಗೆ ಹೋಗುತ್ತವೆ ಅಂತ ತೋರಿಸಿದ ಮೆಂಡೆಲ್ ಹೊರಗೇ ನಿಂತಿದ್ದಾರೆ.

ಒಂದೇ ಮಾತು ಹೇಳುತ್ತೇನೆ. ನಿಮ್ಮಲ್ಲಿ ಎಷ್ಟೋ ಜನರ ಹೊಲದಲ್ಲಿ ಮೆಕ್ಕೆಜೋಳ ಇದೆ. ಹೈಬ್ರಿಡ್ ಬೀಜವನ್ನು ಅಪ್ಪ ಪ್ರತಿ ವರ್ಷ ಯಾಕೆ ಕೊಳ್ಳುತ್ತಾರೆ? ಹೋದ ವರ್ಷದ ತೆನೆಯ ಕಾಳನ್ನೇ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಇಳುವರಿ ಕಡಿಮೆ. ಮೆಕ್ಕೆಜೋಳಕ್ಕೆ 10 ಜೋಡಿ ಕ್ರೋಮೋಸೋಮು. ಪರಾಗ ಆಗುವಾಗ ಪ್ರತಿ ಜೋಡಿಯಿಂದ ಒಂದೇ ಹೋಗುತ್ತೆ, ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ. ಅಷ್ಟಕ್ಕೇ 1,024 ಬಗೆ. ಜೋಡಿಗಳು ತುಂಡು ಬದಲಾಯಿಸಿಕೊಳ್ಳೋದನ್ನು ಇನ್ನೂ ಸೇರಿಸಿಲ್ಲ. ನಮ್ಮ 23 ಜೋಡಿಗೆ 83 ಲಕ್ಷ ದಾಟುತ್ತೆ. ಅಣ್ಣ ತಮ್ಮ ಒಂದೇ ಥರ ಇಲ್ಲ ಅಂತ ಮನೆಯಲ್ಲಿ ಬೈದರೆ ಈ ಲೆಕ್ಕ ಹೇಳಿ.

ಎರಡನೇ ಚೀಟಿ. ಮುಗಿಸಿದೆ.

ಈ ಈರುಳ್ಳಿ ಇಲ್ಲೇ ಬಿಟ್ಟು ಹೋಗುತ್ತೇನೆ. ಲೋಟದ ಬಾಯಿಗೆ ಕೂರಿಸಿ, ಬುಡಕ್ಕೆ ಮಾತ್ರ ನೀರು ತಾಗಲಿ. ಮೂರ್ನಾಲ್ಕು ದಿನಕ್ಕೆ ಬೇರು ಬರುತ್ತೆ. ಬೆಳಿಗ್ಗೆ ಬೇಗ ಕತ್ತರಿಸಿ ಆಲ್ಕೋಹಾಲ್ ಮೂರು ಪಾಲು, ಅಸಿಟಿಕ್ ಆಮ್ಲ ಒಂದು ಪಾಲಿನಲ್ಲಿ ಹಾಕಿಡಿ. ತುದಿಯ ಎರಡು ಮಿಲಿಮೀಟರು ಸಾಕು. ಅಸಿಟೋಕಾರ್ಮೈನ್ ಅನ್ನುವ ಬಣ್ಣ ಹಾಕಿ ಹೆಬ್ಬೆರಳಿನಲ್ಲಿ ನೇರವಾಗಿ ಒತ್ತಿ, ಕವರ್‌ಸ್ಲಿಪ್ ಜಾರಿಸಬೇಡಿ. ಹದಿನಾರೂ ಸಿಕ್ಕಿದವರು ನನಗೆ ಫೋನ್ ಮಾಡಿ. ಹದಿನೈದು ಸಿಕ್ಕಿದರೂ ಮಾಡಿ, ಆದರೆ ಹದಿನೈದು ಅಂತಲೇ ಹೇಳಿ.